ನೀರು ಹತ್ತಿದ ಊರು, ಹತ್ತದ ಊರು



ಮಂಡ್ಯ ಸೀಮೆಯಲ್ಲಿ ಎರಡು ಹಳ್ಳಿಗಳು. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ಆಗಿನವರ ಬಾಯಲ್ಲಿ ಇರ್ವಿನ್ ನಾಲೆ, ಒಂದೂರಿನ ಹೊಲವನ್ನು ಗದ್ದೆ ಮಾಡಿತು. ಇನ್ನೊಂದೂರು ದಿಣ್ಣೆಯ ಮೇಲಿತ್ತು, ಅಲ್ಲಿಗೆ ನೀರು ಹತ್ತಲಿಲ್ಲ. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಹೆಣ್ಣುಮಗಳು ಈ ಊರುಗಳಿಗೆ ಬಂದರು. ವಿಯೆನ್ನಾದಲ್ಲಿ ಹುಟ್ಟಿ, ನಾತ್ಸಿಗಳ ಕಾಟಕ್ಕೆ ದೇಶ ಬಿಟ್ಟು, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸಂಶೋಧನೆಗೆ ಸೇರಿದ್ದವರು. ಎರಡು ವರ್ಷ ಇಲ್ಲೇ ಇದ್ದು, ಮನೆಮನೆಯ ಆದಾಯ ಖರ್ಚು ಬರೆದುಕೊಂಡರು. 1962ರಲ್ಲಿ ಪುಸ್ತಕ ಬಂತು. ಊರುಗಳ ನಿಜವಾದ ಹೆಸರು ಮರೆಮಾಡಿ ವಂಗಲ, ದಲೇನ ಎಂದು ಕರೆದಿದ್ದರು.

ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕು ಎಂದು ಯಾರಾದರೂ ಹೇಳುತ್ತಾರೆ. ಎಪ್‌ಸ್ಟೀನ್ ಕಂಡದ್ದು ಬೇರೆ. ವಂಗಲದಲ್ಲಿ ಕಬ್ಬು ಬಂತು, ಕೈತುಂಬ ಕಾಸು ಬಂತು, ಮದುವೆ ಹಬ್ಬಗಳು ಜೋರಾದವು. ಆದರೆ ಬೇಸಾಯ ಬಿಟ್ಟು ಹೊರಗೆ ಹೋಗುವ ಅಗತ್ಯವೇ ಬೀಳದ್ದರಿಂದ, ಒಕ್ಕಲು ಮನೆಗೂ ಆಳು ಮನೆಗೂ ತಲೆತಲಾಂತರದಿಂದ ಇದ್ದ ಕಟ್ಟು ಹಾಗೇ ಉಳಿಯಿತು. ದಲೇನದವರಿಗೆ ಕೂತರೆ ನಡೆಯುವಂತಿರಲಿಲ್ಲ. ಮಂಡ್ಯದಲ್ಲಿ ಕೆಲಸ ಹಿಡಿದರು, ಹಿಟ್ಟಿನ ಗಿರಣಿ ಹಾಕಿದರು, ವ್ಯಾಪಾರಕ್ಕಿಳಿದರು, ಪಕ್ಕದ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು. ಹಳೆಯ ಕಟ್ಟು ಸಡಿಲವಾದದ್ದು ಆ ಒಣ ಊರಿನಲ್ಲಿ! 1970ರಲ್ಲಿ ಎಪ್‌ಸ್ಟೀನ್ ಮತ್ತೆ ಬಂದರು. ಊರಿಗೆ ಬಂದ ಸಿರಿ ತೀರಾ ಬಡವರ ಮನೆಗೆ ತಲುಪಿರಲಿಲ್ಲ.

ಎಪ್‌ಸ್ಟೀನ್ ಕೇಳಿದ ಹಾಗೆ, ಸರ್ಕಾರದ ಒಂದು ತೀರ್ಮಾನ ಯಾರ ಮನೆಯಲ್ಲಿ ಏನು ಮಾಡಿತು, ಅದು ಆಗದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಿಡಿದು ಕೇಳುವ ಓದಿಗೆ ಈಗ ಪಬ್ಲಿಕ್ ಪಾಲಿಸಿ, ಸಾರ್ವಜನಿಕ ನೀತಿ ಎಂದು ಹೆಸರು. ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಕಾನೂನು, ರಾಜಕೀಯ ನಾಲ್ಕೂ ಅದರಲ್ಲಿ ಬೆರೆತಿರುತ್ತವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಿಂದ ಎರಡು ವರ್ಷದ ಸ್ನಾತಕೋತ್ತರ ಕೋರ್ಸು ಇದೆ. ಐಎಎಸ್‌ಗೆ ಇದು ಒಳದಾರಿ ಎಂದುಕೊಂಡು ಸೇರುವವರಿದ್ದಾರೆ. ಅಲ್ಲ. ಆ ಪರೀಕ್ಷೆಯನ್ನು ಬೇರೆಯಾಗಿಯೇ ಬರೆಯಬೇಕು.

ಇದೇ ಓದಿಗೆ ಇನ್ನೊಂದು ದಾರಿ ಅಂತರರಾಷ್ಟ್ರೀಯ ಜೋಡಿ ಪದವಿ. ಒಂದು ವರ್ಷ ಒಂದು ದೇಶದಲ್ಲಿ, ಇನ್ನೊಂದು ವರ್ಷ ಮತ್ತೊಂದು ದೇಶದಲ್ಲಿ ಓದು. ಕೊನೆಗೆ ಎರಡು ವಿಶ್ವವಿದ್ಯಾಲಯಗಳಿಂದ ಎರಡು ಪದವಿ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ (ಎಲ್‌ಎಸ್‌ಇ), ಪ್ಯಾರಿಸ್ಸಿನ ಸಿಯಾನ್ಸ್ ಪೊ, ನ್ಯೂಯಾರ್ಕಿನ ಕೊಲಂಬಿಯಾ ತಮ್ಮತಮ್ಮಲ್ಲಿ ಹೀಗೆ ಒಪ್ಪಂದ ಮಾಡಿಕೊಂಡಿವೆ. ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕೂಡ 2022ರಲ್ಲಿ ನಿಯಮ ತಂದಿತು: ಭಾರತದ ಸಂಸ್ಥೆಯೊಂದು ವಿದೇಶದ ಸಂಸ್ಥೆಯೊಡನೆ ಜೋಡಿ ಪದವಿ ಕೊಡಬಹುದು, ಆದರೆ ಕನಿಷ್ಠ ಶೇ 30ರಷ್ಟು ಕ್ರೆಡಿಟ್ ಇಲ್ಲಿಯೇ ಗಳಿಸಬೇಕು, ಎರಡೂ ಕಡೆ ಓದುವ ವಿಷಯ ಒಂದೇ ಇರಬೇಕು.

ಒಂದೇ ವಿಷಯಕ್ಕೆ ಎರಡು ಪದವಿ ಯಾಕೆ ಎಂದು ಮದ್ದೂರಿನ ತಂದೆಯೊಬ್ಬರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಕರ್ನಾಟಕದ 'ಭೂಮಿ' ಯೋಜನೆಯಿಂದ ಬರುತ್ತದೆ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕೊಡತೊಡಗಿದ ಯೋಜನೆ ಅದು. ಕಾದ ಹೊತ್ತು, ಕೊಟ್ಟ ಲಂಚ, ಎರಡನ್ನೂ ಅಳೆದವರಿಗೆ ಅದು ದೊಡ್ಡ ಗೆಲುವಾಗಿ ಕಂಡಿತು. 2007ರಲ್ಲಿ ಸಂಶೋಧಕ ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ ನೋಡಿ ಬೇರೆ ಮಾತು ಹೇಳಿದರು: ದಾಖಲೆ ಊರಿನಿಂದ ಮೇಲಕ್ಕೆ ಹೋದಮೇಲೆ ದೊಡ್ಡ ಕುಳಗಳಿಗೆ ಜಮೀನು ಹುಡುಕುವುದು ಸಲೀಸಾಯಿತು ಎಂದು. ಒಂದು ಪಾಠಶಾಲೆ ಅಳತೆ ಕಲಿಸುತ್ತದೆ, ಇನ್ನೊಂದು ಅಧಿಕಾರ ಯಾರ ಕೈಗೆ ಹೋಯಿತು ಎಂದು ನೋಡಲು ಕಲಿಸುತ್ತದೆ. ಜೋಡಿ ಪದವಿಗೆ ಬೆಲೆ ಬರುವುದು ಎರಡು ಸಂಸ್ಥೆಗಳ ಸ್ವಭಾವ ಹೀಗೆ ಬೇರೆಯಾಗಿದ್ದಾಗ. ಎರಡೂ ಕಡೆ ಅದೇ ಪಾಠ, ಅದೇ ಪುಸ್ತಕ ಇದ್ದರೆ ಎರಡನೆಯದು ಗೋಡೆಗೆ ಹಾಕುವ ಫ್ರೇಮು, ಅಷ್ಟೆ.

'ಭೂಮಿ' ಬಂದಾಗ ಮುಖ್ಯಮಂತ್ರಿಯಾಗಿದ್ದವರು ಎಸ್.ಎಂ. ಕೃಷ್ಣ, ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಕಾನೂನು ಕಾಲೇಜು ಮುಗಿಸಿ, ಅಮೆರಿಕದ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲೂ, ಫುಲ್‌ಬ್ರೈಟ್ ನೆರವಿನಿಂದ ರಾಜಧಾನಿಯ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೂ ಓದಿದರು. ಅದು ಜೋಡಿ ಪದವಿಯಲ್ಲ. ಆ ಹೆಸರಿನ ಓದು ಆಗ ಇಲ್ಲಿಯವರ ಕಿವಿಗೂ ಬಿದ್ದಿರಲಿಲ್ಲ. ಊರಿಗೆ ಮರಳಿದವರು 1962ರಲ್ಲಿ ಪಕ್ಷೇತರರಾಗಿ ಮದ್ದೂರಿನಿಂದಲೇ ಗೆದ್ದರು. ಅವರ ಆಡಳಿತದ ಬಗ್ಗೆ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಎರಡು ಅಭಿಪ್ರಾಯ ಇದ್ದೇ ಇದೆ, ಕಾವೇರಿ ನೀರಿನ ವಿಷಯ ಎತ್ತಿದರಂತೂ ಹೇಳುವುದೇ ಬೇಡ. ಎರಡು ವಿದೇಶಿ ವಿಶ್ವವಿದ್ಯಾಲಯ ಹತ್ತಿ ಬಂದ ಹಳ್ಳಿಯ ಹುಡುಗನಿಗೆ ಇಲ್ಲಿ ಜಾಗವಿತ್ತು ಎನ್ನುವುದಂತೂ ನಿಜ.

ದುಡ್ಡಿನ ಮಾತು. ಎರಡು ದೇಶದ ಶುಲ್ಕ, ಎರಡು ವೀಸಾ, ಎರಡು ಸಲ ಮನೆ ಹುಡುಕಾಟ. ಜಮೀನು ಅಡವಿಟ್ಟು ಈ ಓದಿಗೆ ಹೋಗಬೇಡಿ ಎನ್ನುತ್ತೇನೆ, ಏಕೆಂದರೆ ಇದು ಮುಗಿದ ಕೂಡಲೇ ಐಟಿ ಸಂಬಳ ತರುವ ಪದವಿಯಲ್ಲ. ಯೂರೋಪಿನ ಎರಾಸ್ಮಸ್ ಮುಂಡುಸ್ ವಿದ್ಯಾರ್ಥಿವೇತನ ಸಿಕ್ಕರೆ ಶುಲ್ಕವಿಲ್ಲ, ಮೇಲೆ ತಿಂಗಳಿಗೆ 1,400 ಯೂರೋ. ಅದರಡಿ ಬೆಳೆದುಬಂದ ಸಾರ್ವಜನಿಕ ನೀತಿಯ ಕೋರ್ಸಿನಲ್ಲಿ ಎರಡು ವರ್ಷ ಎರಡು ನಗರಗಳಲ್ಲಿ ಓದು, ಅವುಗಳಲ್ಲಿ ಒಂದು ಎಪ್‌ಸ್ಟೀನ್ ಹುಟ್ಟಿದ ವಿಯೆನ್ನಾ ಆಗಿರಬಹುದು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ವಿದೇಶದ ಓದಿಗೆ ನೆರವು ಕೊಡುವ ನಮ್ಮ ರಾಜ್ಯದ 'ಪ್ರಬುದ್ಧ' ಯೋಜನೆ ಇದೆ. ಹೊರಡುವ ಮೊದಲೇ, ಆ ಪದವಿಗೆ ಭಾರತದಲ್ಲಿ ತತ್ಸಮಾನ ಮಾನ್ಯತೆ ಸಿಗುತ್ತದೆಯೇ ಎಂದು ಕೇಳಿ ತಿಳಿಯಿರಿ. ಮುಂದೆ ಸರ್ಕಾರಿ ಕೆಲಸಕ್ಕೋ ಪಿಎಚ್‌.ಡಿಗೋ ಅರ್ಜಿ ಹಾಕುವಾಗ ಮೊದಲು ಕೇಳುವ ಕಾಗದ ಅದು.

ಅರ್ಜಿಯ ಜೊತೆ ಒಂದೆರಡು ಪುಟ ಬರೆಯಬೇಕು, ಈ ಓದು ನಿಮಗೇಕೆ ಎಂದು. ಹೆಚ್ಚಿನವರು ದೇಶಸೇವೆ, ಬಡತನ ನಿರ್ಮೂಲನೆ ಎಂದು ತುಂಬಿಸುತ್ತಾರೆ. ಓದುವವರಿಗೆ ಆಕಳಿಕೆ ಬರುತ್ತದೆ. ಮಳವಳ್ಳಿಯವರು ಶಿವನಸಮುದ್ರದ ಬಗ್ಗೆ ಬರೆಯಬಹುದಲ್ಲ? 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ. ಪಕ್ಕದ ಹಳ್ಳಿಗಳ ಸರದಿ ಬಹಳ ತಡವಾಗಿ ಬಂತು. ಆ ಸರದಿಯನ್ನು ಯಾರು, ಯಾವ ಲೆಕ್ಕದಲ್ಲಿ ಗೊತ್ತು ಮಾಡಿದರು ಎಂದು ಕೇಳಿದರೆ ಅರ್ಜಿಯ ಅರ್ಧ ಕೆಲಸ ಆಯಿತು. ನಾಲೆಯ ಕೊನೆಯಲ್ಲಿ ಜಮೀನಿರುವ ಮನೆಯ ಹುಡುಗಿಗೆ ತನ್ನ ತೂಬಿಗೆ ನೀರು ಯಾಕೆ ತಲುಪಲಿಲ್ಲ ಎನ್ನುವುದೇ ವಿಷಯ. ಡಿಗ್ರಿ ಮುಗಿಯುವ ಹಿಂದಿನ ವರ್ಷವೇ ಬರೆಯಲು ಕೂತರೆ ಒಳ್ಳೆಯದು. ಇಂಥ ಕೋರ್ಸುಗಳ ಅರ್ಜಿಗಳು ಬಹುಪಾಲು ಚಳಿಗಾಲದಲ್ಲೇ ಮುಗಿದುಹೋಗುತ್ತವೆ.