ಬಾಡಿಗೆ ಮನೆಯ ಬಾಗಿಲಲ್ಲಿ ಕೇಳುವ ಪ್ರಶ್ನೆ

(ಕೊಪ್ಪಳದ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)

 

ಕಾಯಕದ ಬಗ್ಗೆ ಇಲ್ಲಿ ಬಲ್ಲವರು ಬಹಳ ಜನ ಮಾತಾಡಿದ್ದಾರೆ. ನಾನು ಕಾಯಕ ಸಿಕ್ಕ ಮೇಲಿನ ಮಾತು ಹೇಳುತ್ತೇನೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು ಅಂತ ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಪೇಢೆ ಹಂಚುತ್ತೇವೆ. ಹುಡುಗ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತಾನೆ. ಬೆಳಗ್ಗೆ ಇಳಿದ ಮೇಲೆ ಎಲ್ಲಿ ಇರಬೇಕು? ಆ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಇರುವುದು ಒಂದೇ ಉತ್ತರ: "ಅಲ್ಲಿ ನಮ್ಮೋರು ಯಾರರ ಅದಾರೇನು ನೋಡು."

ಈ ಉತ್ತರ ಹೊಸದಲ್ಲ. ಬಸವಣ್ಣನವರೂ ಕೆಲಸಕ್ಕಾಗಿ ಊರು ಬಿಟ್ಟವರೇ. ಬಾಗೇವಾಡಿ ಬಿಟ್ಟು ಕೂಡಲಸಂಗಮ, ಅಲ್ಲಿಂದ ಮಂಗಳವೇಢೆ. ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಲೆಕ್ಕ ಬರೆದರು ಎಂದು ಪರಂಪರೆ ಹೇಳುತ್ತದೆ. ಅಲ್ಲಿ ಅವರಿಗೆ ಸೋದರಮಾವ ಬಲದೇವ ಇದ್ದ. ಸಂಬಂಧಿಕರ ಆಸರೆ ಅವರಿಗೂ ಇತ್ತು ಎಂದಾಯಿತು. ಆದರೆ ಮುಂದೆ ಕಲ್ಯಾಣದಲ್ಲಿ ತಮ್ಮದೇ ಮನೆ ಆದ ಮೇಲೆ ಅವರು ಏನು ಮಾಡಿದರು? ಅಲ್ಲಿ ಯಾವ ಸೋದರಮಾವನೂ ಇಲ್ಲದವರಿಗೆ ಬಾಗಿಲು ತೆರೆದರು. ಕಾಶ್ಮೀರದಿಂದ ಬಂದರೆಂಬ ಮೋಳಿಗೆಯ ಮಾರಯ್ಯ ದಂಪತಿ ಕಟ್ಟಿಗೆ ಮಾರಿ ಬದುಕಿದ್ದು ಆ ಊರಲ್ಲೇ. ಉಡುತಡಿಯಿಂದ ಒಬ್ಬಳೇ ನಡೆದು ಬಂದ ಅಕ್ಕಮಹಾದೇವಿಯನ್ನು ಅನುಭವ ಮಂಟಪದಲ್ಲಿ ಪ್ರಶ್ನೆ ಮಾಡಿದರು, ನಿಜ. ಗಂಡನ ಬಗ್ಗೆಯೂ ಕೇಳಿದರು. ಆದರೆ ಅವಳ ಉತ್ತರ ಕೇಳಿದ ಮೇಲೆ ಕೈಮುಗಿದರು. ಇವತ್ತು ಒಂಟಿ ಹೆಣ್ಣುಮಗಳು ಬಾಡಿಗೆ ಮನೆ ಕೇಳಲು ಹೋದರೆ ಪ್ರಶ್ನೆ ಮುಗಿಯುತ್ತವೆ, ಬಾಗಿಲು ತೆರೆಯುವುದಿಲ್ಲ.

ನಾನು 2001ರಲ್ಲಿ ಡಿಪ್ಲೊಮಾ ಮುಗಿಸಿ ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರಿದೆ. ಜೊತೆಗೆ ನಮ್ಮ ತಾಲೂಕಿನ ಇನ್ನೊಬ್ಬ ಹುಡುಗ. ಹರಳಯ್ಯನವರ ಕಾಯಕದ ಮನೆತನದವನು, ನನಗಿಂತ ಹೆಚ್ಚು ಅಂಕ ತೆಗೆದವನು. ಅವನ ಮನೆಯಲ್ಲಿ ಎರಡು ತಲೆಮಾರಿನಿಂದ ಮಾಂಸ ಬೇಯಿಸಿಲ್ಲ. ಅವರಪ್ಪ ತತ್ವಪದ ಹಾಡುವವರು. ಇಬ್ಬರೂ ಕೂಡಿ ದಾಸರಹಳ್ಳಿ, ಲಗ್ಗೆರೆ, ಕಾಮಾಕ್ಷಿಪಾಳ್ಯ ಸುತ್ತಿದೆವು. ಒಂದು ಮನೆಯಲ್ಲಿ ಮಾಲೀಕರ ಹಣೆಯ ಮೇಲೆ ವಿಭೂತಿ, ಗೋಡೆಯ ಮೇಲೆ ಬಸವಣ್ಣನವರ ಫೋಟೋ. ನನಗೆ ಊರಿಗೆ ಬಂದಷ್ಟು ಸಮಾಧಾನ ಆಯಿತು. "ಯಾವ ಕಡೆಯೋರು? ಯಾವ ಮಠದ ಭಕ್ತರು?" ಅಂದರು. ಹೇಳಿದೆ. ಕೀಲಿ ತರಲು ಮಗನಿಗೆ ಹೇಳಿದರು. ಆಮೇಲೆ ಗೆಳೆಯನ ಕಡೆ ತಿರುಗಿ, "ನೀವು?" ಎಂದರು. ಅವನು ಮುಚ್ಚಿಡಲಿಲ್ಲ. ಕೀಲಿ ಒಳಗಿನಿಂದ ಬರಲೇ ಇಲ್ಲ. "ಮುಂದಿನ ತಿಂಗಳು ಮಗಳು ಬರ್ತಾಳೆ, ಮನೆ ನಮಗೇ ಬೇಕು" ಅಂದರು. ನೀವು ಏನು ತಿನ್ನುತ್ತೀರಿ ಎಂದು ಅವನನ್ನು ಅವರು ಕೇಳಲೂ ಇಲ್ಲ.

ರಸ್ತೆಗೆ ಬಂದ ಮೇಲೆ ಅವನು ಹೇಳಿದ್ದು ಇಷ್ಟೇ: "ಫೋಟೋ ನೋಡಿ ನಾನೂ ಸಿಕ್ತು ಅಂದ್ಕೊಂಡಿದ್ದೆ ಮಾರಾಯ." ಕೊನೆಗೆ ಮನೆ ಕೊಟ್ಟವರು ಒಬ್ಬ ವಿಧವೆ ತಾಯಿ. ಅವರು ಕೇಳಿದ್ದು ಎರಡೇ ಮಾತು, ರಾತ್ರಿ ಎಷ್ಟು ಹೊತ್ತಿಗೆ ಬರ್ತೀರಿ, ಬಾಡಿಗೆ ಯಾವ ತಾರೀಖಿಗೆ ಕೊಡ್ತೀರಿ. ಅವರ ಜಾತಿ ಯಾವುದೆಂದು ನಮಗೆ ಇವತ್ತಿಗೂ ಗೊತ್ತಿಲ್ಲ.

ಬಂಧುಗಳೇ, ಪ್ರತಿ ಬಸವ ಜಯಂತಿಗೆ ನಾವು ಹರಳಯ್ಯ, ಮಧುವರಸರ ಕಥೆ ಹೇಳುತ್ತೇವೆ. ಕಣ್ಣಲ್ಲಿ ನೀರೂ ಬರುತ್ತದೆ. ಆ ಹರಳಯ್ಯನವರು ಈಗ ವಿಜಯನಗರಕ್ಕೋ ರಾಜಾಜಿನಗರಕ್ಕೋ ಬಂದು ನಮ್ಮವರ ಮನೆಯ 'ಟು ಲೆಟ್' ಬೋರ್ಡು ನೋಡಿ ಗಂಟೆ ಒತ್ತಿದರೆ? 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬರೆದಿರುತ್ತೇವೆ. ನನ್ನ ಮನೆಯಲ್ಲಿ ಮಾಂಸದ ಅಡುಗೆ ಬೇಡ ಎಂದು ಯಾರಾದರೂ ಹೇಳಿದರೆ ನಾನು ಜಗಳ ತೆಗೆಯುವುದಿಲ್ಲ. ಎಲ್ಲರನ್ನೂ ಅದೇ ಮಾತು ಕೇಳಿ, ಒಪ್ಪಿದವರಿಗೆ ಕೊಡಲಿ. ಅಡುಗೆಯ ಹೆಸರು ಹೇಳಿ ಕುಲ ತಿಳಿದುಕೊಳ್ಳುವುದು ಬೇರೆ ಮಾತು. ಕುಲ ಕೇಳಬೇಡಿ ಎಂದವರ ಫೋಟೋ ಗೋಡೆಗೆ ಹಾಕಿ ಅದರ ಕೆಳಗೇ ಕುಳಿತು ಕೇಳುತ್ತೇವಲ್ಲ, ಅದನ್ನು ನಾನು ಸಣ್ಣ ವಿಷಯ ಅನ್ನಲಾರೆ.

ಕಾನೂನು ಇಲ್ಲವೆ? ಇದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ವಾಸದ ಮನೆ ಪಡೆಯುವುದನ್ನು ತಡೆದರೆ ಅಪರಾಧ ಎನ್ನುತ್ತದೆ. ಆದರೆ "ಮಗಳು ಬರ್ತಾಳೆ" ಎಂಬ ಮಾತನ್ನು ಯಾವ ಕಾಯ್ದೆ ಹಿಡಿಯುತ್ತದೆ? ಅದನ್ನು ಹಿಡಿಯಬೇಕಾದದ್ದು ನಮ್ಮ ಕೊರಳಲ್ಲಿರುವ ಲಿಂಗ.

ಮನೆ ಹುಡುಕುವ ಹುಡುಗರಿಗೆ ಒಂದೆರಡು ವ್ಯವಹಾರದ ಮಾತು. ಬೆಂಗಳೂರಿನಲ್ಲಿ ಅಡ್ವಾನ್ಸ್ ಎಂದರೆ ಹತ್ತು ತಿಂಗಳ ಬಾಡಿಗೆ ಎನ್ನುವ ರೂಢಿ ಬಹಳ ಕಾಲ ನಡೆಯಿತು. ಈಗ ಕೆಲವು ಕಡೆ ಕಡಿಮೆ ಆಗಿದೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಸಾಕು ಎಂದಿತು. ಆದರೆ ಅದು ಮಾದರಿ ಮಾತ್ರ, ಅದನ್ನೇ ತೋರಿಸಿ ಮಾಲೀಕರನ್ನು ಒಪ್ಪಿಸಲು ಆಗುವುದಿಲ್ಲ. ಆದ್ದರಿಂದ ಚೌಕಾಸಿ ಮಾಡಿ, ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಕರಾರು ಪತ್ರ 11 ತಿಂಗಳಿಗೆ ಯಾಕೆ ಮಾಡುತ್ತಾರೆಂದರೆ ಒಂದು ವರ್ಷ ದಾಟಿದರೆ ನೋಂದಣಿ ಕಡ್ಡಾಯ. ಬಿಡುವಾಗ ಸುಣ್ಣಬಣ್ಣಕ್ಕೆ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುವ ಪದ್ಧತಿ ಇದೆ, ಅದನ್ನು ಮೊದಲೇ ಬರೆಸಿಕೊಳ್ಳಿ. ಲೀಸಿಗೆ, ಅಂದರೆ ಭೋಗ್ಯಕ್ಕೆ, ಲಕ್ಷಗಟ್ಟಲೆ ಕೊಡುವ ಮುಂಚೆ ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ ಎಂದು ಋಣಭಾರ ಪತ್ರ ತೆಗೆಸಿ ನೋಡಿ. ಹೊಲ ಮಾರಿದ ದುಡ್ಡು ಹಾಗೆ ಮುಳುಗಬಾರದು.

ಇಷ್ಟೂ ಆಗಿದ್ದು ಓದಿದವರ ಮಾತು. ಗಂಗಾವತಿ ಕಡೆ ಕಾಲುವೆ ನೀರು ಇದೆ, ಭತ್ತ ಇದೆ. ಯಲಬುರ್ಗಾ, ಕುಷ್ಟಗಿಯ ಒಣಬೇಸಾಯದವರು ಮಳೆ ಕೈಕೊಟ್ಟ ವರ್ಷ ಗುಳೆ ಹೋಗುತ್ತಾರೆ. ಮಕ್ಕಳನ್ನೂ ಕಟ್ಟಿಕೊಂಡು ಹೋಗುತ್ತಾರೆ. ಅವರಲ್ಲಿ ನಮ್ಮ ಸಮಾಜದವರೂ ಇದ್ದಾರೆ, ಇಲ್ಲ ಎಂದು ನಟಿಸುವುದು ಬೇಡ. ಅವರಿಗೆ ಬಾಡಿಗೆ ಮನೆ ದೂರದ ಮಾತು, ತಗಡಿನ ಶೆಡ್ಡೇ ಗತಿ. 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಪ್ರಕಾರ, ಕೆಲಸ ನಡೆಯುವಷ್ಟು ದಿನ ಕಾರ್ಮಿಕರಿಗೆ ಪುಕ್ಕಟೆ ವಸತಿ ಕೊಡುವುದು ಕೆಲಸ ಮಾಡಿಸುವವನ ಹೊಣೆಯಾಗಿತ್ತು. ಅಡುಗೆಗೆ, ಸ್ನಾನಕ್ಕೆ ಜಾಗ ಮತ್ತು ಶೌಚಾಲಯ ಕೂಡ ಅದರಲ್ಲಿ ಸೇರಿದ್ದವು. ಈ ಸಭೆಯಲ್ಲಿ ಗುತ್ತಿಗೆದಾರರು ಇದ್ದರೆ ಮನೆಗೆ ಹೋಗಿ ಒಮ್ಮೆ ಈಗಿನ ಕಾನೂನು ಓದಬೇಕು.

ನಮ್ಮ ಮಠಗಳು ಕೇಳದೇ ಕೊಡುವುದನ್ನು ಬಲ್ಲವು. ಸಿದ್ಧಗಂಗೆಯಲ್ಲಿ ಎಲ್ಲ ಜಾತಿ ಧರ್ಮದ ಸಾವಿರಾರು ಮಕ್ಕಳು ಉಂಡು ಓದಿದರು. ಇಲ್ಲಿನ ಗವಿಮಠದ ಪ್ರಸಾದ ನಿಲಯದ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ. ಆದರೆ ಪ್ರಸಾದ ನಿಲಯದ ನೆರಳು ಕಾಲೇಜಿಗೆ ಮುಗಿಯುತ್ತದೆ. ಕೆಲಸದ ಮೊದಲ ತಿಂಗಳು, ಸಂಬಳ ಇನ್ನೂ ಕೈಗೆ ಬಾರದ ಆ ಮೂವತ್ತು ದಿನ, ಮಕ್ಕಳು ಗೆಳೆಯರ ಕೋಣೆಯ ಮೂಲೆಯಲ್ಲಿ ಚಾಪೆ ಹಾಸುತ್ತಾರೆ. ದೊಡ್ಡ ನಗರದಲ್ಲಿ ಜಾಗ ಇರುವ ನಮ್ಮ ಮಠಗಳು, ಸಂಘಗಳು ಹತ್ತು ಹಾಸಿಗೆಯ ಒಂದು ಕೋಣೆಯನ್ನು ಆ ಒಂದು ತಿಂಗಳಿಗೆಂದು ಇಡಲಿ. ಯಾವ ಊರು, ಯಾವ ಕೆಲಸ, ಇಷ್ಟು ಬರೆದುಕೊಳ್ಳಲಿ. ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಆಗಲೇಬೇಕು.

ಬೆಂಗಳೂರು, ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಇರುವವರು ಈ ಸಭೆಯಲ್ಲಿ ಹತ್ತು ಜನರಾದರೂ ಇದ್ದೀರಿ. ಕುಲ ಕೇಳದೆ ಮನೆ ಕೊಡುವವರ ಪಟ್ಟಿಯೊಂದನ್ನು ಇಲ್ಲಿಂದಲೇ ಶುರು ಮಾಡೋಣ. ನನ್ನದು ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಮನೆ, ಬರುವ ತಿಂಗಳು ಖಾಲಿ ಆಗುತ್ತದೆ. ಮೊದಲ ಹೆಸರು ನನ್ನದೇ ಬರೆದಿದ್ದೇನೆ. ವಹಿ ಬಾಗಿಲ ಹತ್ತಿರ ಮೇಜಿನ ಮೇಲಿದೆ. ಪ್ರಸಾದಕ್ಕೆ ಹೋಗುವ ಮುಂಚೆ ನಿಮ್ಮ ಹೆಸರೂ ಬರೆಯಿರಿ.