ಟ್ಯೂನ್ ಬಂತು, ಊರು ಬರ್ಲಿಲ್ಲ: ‘ಮನಸು ಮಲ್ಲಿಗೆ’ ಬಗ್ಗೆ ಒಂದಿಷ್ಟು ಮಾತು

ಅಮೃತೂರಿಂದ ಮಾತಾಡ್ತಿದೀನಿ. ಇವತ್ತು ‘ಸೈರಾಟ್’ ಮತ್ತು ಅದರ ಕನ್ನಡ ರೀಮೇಕ್ ‘ಮನಸು ಮಲ್ಲಿಗೆ’ ಬಗ್ಗೆ. ಕ್ಲೈಮ್ಯಾಕ್ಸ್ ಕೂಡ ಹೇಳ್ತೀನಿ. ನೋಡಿಲ್ಲದವರು ಇಲ್ಲೇ ಪಾಸ್ ಮಾಡಿ, ಮೊದಲು ‘ಸೈರಾಟ್’ ನೋಡ್ಕೊಂಡು ಬನ್ನಿ.

2016ರ ಏಪ್ರಿಲ್‌ನಲ್ಲಿ ನಾಗರಾಜ ಮಂಜುಳೆ ಮರಾಠಿಯಲ್ಲಿ ಈ ಸಿನಿಮಾ ತಂದ್ರು. ಮೀನು ಹಿಡಿಯೋರ ಮನೆ ಹುಡುಗ ಪರ್ಶ್ಯಾ, ಊರಿನ ದೊಡ್ಡ ರಾಜಕಾರಣಿ ಮಗಳು ಆರ್ಚಿ. ಇಬ್ಬರೂ ಹೈದರಾಬಾದಿಗೆ ಓಡಿಹೋಗ್ತಾರೆ, ಕಷ್ಟಪಟ್ಟು ಮನೆ ಮಾಡ್ತಾರೆ, ಮಗು ಆಗತ್ತೆ. ಕೊನೆಗೆ ತವರಿನವರು ಉಡುಗೊರೆ ಹಿಡ್ಕೊಂಡು ಬರ್ತಾರೆ. ಆರ್ಚಿ ಟೀ ಕೊಡ್ತಾಳೆ. ಆಮೇಲೆ ಕಾಣೋದು ರಕ್ತದಲ್ಲಿ ಮಗುವಿನ ಪುಟ್ಟ ಹೆಜ್ಜೆಗುರುತು. ಸದ್ದೇ ಇಲ್ಲ.

ವರ್ಷ ತುಂಬೋ ಮೊದಲೇ, 2017ರ ಮಾರ್ಚ್ 31ಕ್ಕೆ, ಎಸ್. ನಾರಾಯಣ್ ನಿರ್ದೇಶನದ ‘ಮನಸು ಮಲ್ಲಿಗೆ’ ಬಂತು. ನಾಯಕಿ ಅದೇ ರಿಂಕು ರಾಜಗುರು, ಸಂಗೀತ ಅದೇ ಅಜಯ್-ಅತುಲ್. ಹೊಸ ಹುಡುಗ ನಿಶಾಂತ್. ಇಷ್ಟೆಲ್ಲ ಇದ್ದೂ ನನಗೆ ಯಾಕೆ ನಿರಾಸೆ ಆಯ್ತು?

ಬಿ.ಕಾಂ ಓದಿದವನ ಭಾಷೇಲಿ ಹೇಳ್ತೀನಿ. ಆ ಕೊಲೆ ಅನ್ನೋದು ಲೆಕ್ಕದ ಕೊನೆಯ ಟೋಟಲ್. ಅದಕ್ಕೂ ಮುಂಚೆ ನೂರಾರು ಸಣ್ಣ ಎಂಟ್ರಿ ಇರತ್ತೆ. ಯಾರು ಯಾರ ಮನೆ ಜಗುಲಿ ಹತ್ತಬಹುದು, ಯಾರು ಯಾರ ಮನೆ ನೀರು ಕುಡೀಬಹುದು, ಯಾರನ್ನ ಏಕವಚನದಲ್ಲಿ ಕೂಗಬಹುದು ಅನ್ನೋದೆಲ್ಲ. ಮಂಜುಳೆಗೆ ಆ ಎಂಟ್ರಿಗಳು ಬಾಯಿಪಾಠ. ಅವರು ಬೆಳೆದದ್ದು ಸೊಲ್ಲಾಪುರ ಜಿಲ್ಲೆಯ ಕರ್ಮಾಳ ಸೀಮೆಯಲ್ಲೇ. ರೀಮೇಕ್ ಟೋಟಲ್ ತಂತು, ಎಂಟ್ರಿಗಳನ್ನ ನಮ್ಮ ನೆಲದಿಂದ ಹೊಸದಾಗಿ ಬರೀಲಿಲ್ಲ. ಮರುವರ್ಷ ಬಂದ ಹಿಂದಿ ‘ಧಡಕ್’ ಇನ್ನೂ ಒಂದು ಹೆಜ್ಜೆ ಮುಂದೆ. ಉದಯಪುರದ ಅರಮನೆ ತೋರಿಸ್ತು, ಜಾತಿ ಮಾತನ್ನ ಮೆಲ್ಲಗೆ ಪಕ್ಕಕ್ಕೆ ಸರಿಸ್ತು.

ಇದೇ ಕಥೆ ನಮ್ಮ ಕಡೆ ನಡೆದಿದ್ರೆ? ತೆಂಗಿನ ತೋಟ ಯಾರದ್ದು, ಅಲ್ಲಿ ಕೂಲಿಗೆ ಹೋಗೋರು ಯಾವ ಕೇರಿಯವರು, ಇಲ್ಲಿಂದ ಶುರು ಆಗ್ಬೇಕಿತ್ತು. ಹುಡುಗ-ಹುಡುಗಿ ಕುಣಿಗಲ್ ಬಸ್ಸಲ್ಲೇ ಕಣ್ಣು ಕಣ್ಣು ನೋಡಿರೋರು. ಓಡಿಹೋಗೋದು ಎಲ್ಲಿಗೆ? ಕುಣಿಗಲ್ಲಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ನಮ್ಮೋರು ಇಲ್ಲದ ಬಡಾವಣೆನೇ ಇಲ್ಲ ಅಲ್ಲಿ. ಬಚ್ಚಿಟ್ಟುಕೊಳ್ಳೋಕೆ ಜಾಗ ಎಲ್ಲಿದೆ ಹೇಳಿ! ಈ ಒಂದು ಭಯ ಸಾಕಿತ್ತು, ಇಡೀ ಸೆಕೆಂಡ್ ಹಾಫ್ ನಮ್ಮದಾಗೋಕೆ.

ಅತಿಯಾಯ್ತು ಅಂತೀರಾ? ನಮ್ಮ ತಾಲ್ಲೂಕಿನ ಗಡಿ ದಾಟಿದ್ರೆ ಮದ್ದೂರು ತಾಲ್ಲೂಕು. ಅಲ್ಲಿನ ಆಬಲವಾಡಿಯಲ್ಲಿ 2011ರಲ್ಲಿ ಒಬ್ಬ ಹುಡುಗಿಯ ಮರ್ಯಾದೆಗೇಡು ಹತ್ಯೆ ನಡೀತು. ಅವಳು ಪ್ರೀತಿಸಿದ್ದು ದಲಿತ ಹುಡುಗನನ್ನ. ‘ಸೈರಾಟ್’ ಬರೋಕೆ ಐದು ವರ್ಷ ಮುಂಚಿನ ಮಾತಿದು. ಕಥೆಯನ್ನ ಮಹಾರಾಷ್ಟ್ರದಿಂದ ತರಿಸೋ ಅಗತ್ಯಾನೇ ಇರ್ಲಿಲ್ಲ.

ರೀಮೇಕ್ ಮಾಡೋದು ತಪ್ಪು ಅಂತಲ್ಲ. ಗೆದ್ದ ಕಥೆಗೆ ದುಡ್ಡು ಹಾಕೋದು ವ್ಯಾಪಾರ, ನನಗೂ ಅರ್ಥ ಆಗತ್ತೆ. ಆದ್ರೆ ‘ಸೈರಾಟ್’ ನೋಡಿದ ರಾತ್ರಿ ನಮಗೆ ಭಯ ಆಗೋದು ಆರ್ಚಿಯ ಒಡಹುಟ್ಟಿದವನನ್ನ ಕಂಡು ಅಲ್ಲ, ಅವನ ಹಾಗೇ ಮಾತಾಡೋ ನಮ್ಮ ದೊಡ್ಡಪ್ಪ, ನಮ್ಮ ಮಾವ ನೆನಪಾಗಿ. ‘ಮನಸು ಮಲ್ಲಿಗೆ’ ನೋಡಿ ನನಗೆ ಯಾರೂ ನೆನಪಾಗ್ಲಿಲ್ಲ.

ನಿಮಗೆ ಹೇಗನ್ನಿಸ್ತು, ವಾಯ್ಸ್ ನೋಟ್ ಕಳ್ಸಿ. ಮುಂದಿನ ವಾರ ಸಿಗೋಣ.