ಅಂತರ್ಜಾಲದ ಪಾಠಗಳೂ ಉನ್ನತ ವಿದ್ಯಾಭ್ಯಾಸದ ಭವಿಷ್ಯವೂ



ಮಠದ ಮಹೋತ್ಸವದಲ್ಲಿ ವಿದ್ಯೆಯ ಪ್ರಸ್ತಾಪವು ಅನುಚಿತವೆನಿಸಲಾರದು. ಕರ್ಣಾಟಕದ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದು, ಬಡ ಬಾಲಕರಿಗೆ ಅನ್ನವನ್ನೂ ಅಕ್ಷರವನ್ನೂ ಒಂದೇ ಸೂರಿನಡಿಯಲ್ಲಿ ಇತ್ತುದು ನಾಡಿಗೆಲ್ಲ ತಿಳಿದ ಸಂಗತಿ. ವಿದ್ಯಾರ್ಥಿಗೆ ಗ್ರಂಥವೊಂದೇ ಸಾಲದು. ಕುಳಿತು ಓದಲು ಸ್ಥಳವೂ, ಎಡವಿದಾಗ ಕೈಹಿಡಿಯುವ ಹಿರಿಯರೂ ಬೇಕೆಂಬ ತಿಳಿವಳಿಕೆಯೇ ಆ ನಿಲಯಗಳ ತಳಹದಿಯಾಗಿರುವುದು. ಆಚಾರ್ಯರ ಧ್ವನಿಯು ಯಂತ್ರಮುಖದಿಂದ ಮನೆಯ ಜಗಲಿಗೇ ಬರುತ್ತಿರುವ ಈ ಕಾಲದಲ್ಲಿ ಆ ತಿಳಿವಳಿಕೆಯು ಇನ್ನೂ ಸಲ್ಲುವುದೋ ಇಲ್ಲವೋ ಎಂಬುದೇ ಇಲ್ಲಿಯ ವಿಚಾರ.

ದುಡಿಮೆಯ ನಡುವೆ ಓದುವುದು ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನರಿಗೆ ಹೊಸತಲ್ಲ. ಈ ಕರಾವಳಿಯಿಂದ ಮುಂಬಯಿಗೆ ಹೋಗಿ, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಸಂಜೆಯ ಮೇಲೆ ಕನ್ನಡಿಗರ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರು ಅನೇಕರು. ಊರಿನಲ್ಲಿ ಉಳಿದವರಿಗಾದರೂ ಉನ್ನತ ವಿದ್ಯೆ ಸುಲಭವಾಗಿರಲಿಲ್ಲ. 1963ರಲ್ಲಿ ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು ಸ್ಥಾಪಿತವಾಗುವ ಮುನ್ನ ಪದವಿಯನ್ನು ಬಯಸಿದವರು ಉಡುಪಿ ಮಂಗಳೂರುಗಳ ಕಡೆಗೆ ನೋಡಬೇಕಾಗಿದ್ದಿತು. ಕಾಲೇಜಿಗೆ ಹೋಗಲಾರದವರಿಗಾಗಿ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆಯ ಮೂಲಕ ಪಾಠ ಕಳುಹಿಸುವ ಏರ್ಪಾಡನ್ನು ಮಾಡಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅಂತರ್ಜಾಲದ ಪಾಠವು ಈ ವಂಶದಲ್ಲಿಯೇ ಹುಟ್ಟಿದ ಕೂಸು.

ಭಾರತದಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಎನ್‌ಪಿಟಿಇಎಲ್ ಎಂಬ ಯೋಜನೆಯನ್ನು ಆರಂಭಿಸಿ, ತಮ್ಮ ಉಪನ್ಯಾಸಗಳನ್ನು ಎಲ್ಲರಿಗೂ ತೆರೆದಿಟ್ಟವು. 2017ನೆಯ ಜುಲೈ 9ರಂದು ಕೇಂದ್ರ ಸರಕಾರದ ‘ಸ್ವಯಂ’ ಎಂಬ ವೇದಿಕೆಯು ಉದ್ಘಾಟಿತವಾಯಿತು. ಇದರ ಪಾಠಕ್ಕೆ ನಾಲ್ಕು ಅಂಗಗಳು: ದೃಶ್ಯರೂಪದ ಉಪನ್ಯಾಸ, ಓದುವ ಸಾಮಗ್ರಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಸಂಶಯ ಪರಿಹಾರದ ಚರ್ಚೆ. ಕಲಿಯುವುದಕ್ಕೆ ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕವನ್ನು ತೆರಬೇಕು. ಒಂದು ಅವಧಿಯ ವಿಷಯಗಳಲ್ಲಿ ನೂರಕ್ಕೆ 20ರಷ್ಟನ್ನು ಹೀಗೆ ಕಲಿಯಬಹುದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2016ರಲ್ಲಿ ವಿಧಿಸಿದ್ದು, 2021ರಲ್ಲಿ ಆ ಮಿತಿಯನ್ನು 40ಕ್ಕೆ ಏರಿಸಿತು. ಬೈಂದೂರಿನ ವಿದ್ಯಾರ್ಥಿಯು ತನ್ನ ಕಾಲೇಜಿನಲ್ಲಿ ಬೋಧಿಸದ ಶಾಸ್ತ್ರವನ್ನೂ ಮದರಾಸಿನ ಐಐಟಿಯ ಆಚಾರ್ಯರ ಬಾಯಿಂದ ಕೇಳಬಹುದೆಂಬುದು ಸಾಮಾನ್ಯವಾದ ಲಾಭವಲ್ಲ.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಹೊಕ್ಕವರೆಲ್ಲರೂ ಗುರಿ ಮುಟ್ಟುವರೆಂದು ತಿಳಿಯಬಾರದು. 2011ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೃತಕ ಬುದ್ಧಿಶಾಸ್ತ್ರದ ಪಾಠವನ್ನು ಅಂತರ್ಜಾಲದಲ್ಲಿ ಬೋಧಿಸಿದಾಗ ಹೆಸರು ಕೊಟ್ಟವರು 1,60,000 ಮಂದಿ. ಕೊನೆಯವರೆಗೆ ನಿಂತವರು ಸುಮಾರು 23,000 ಮಂದಿ. ಮುಂದೆ ಬಂದ ಇಂಥ ಪಾಠಗಳಲ್ಲಿ ನೂರಕ್ಕೆ ಹತ್ತು ಮಂದಿಯೂ ಮುಗಿಸದಿರುವುದೇ ಸಾಮಾನ್ಯವಾಯಿತು. ಹಾರ್ವರ್ಡ್ ಮತ್ತು ಎಂಐಟಿ ವಿದ್ಯಾಪೀಠಗಳು 2012ರಲ್ಲಿ ಲಾಭದ ಆಸೆಯಿಲ್ಲದೆ ಕಟ್ಟಿದ ‘ಎಡೆಕ್ಸ್’ ವೇದಿಕೆಯನ್ನು 2021ರಲ್ಲಿ 80 ಕೋಟಿ ಡಾಲರುಗಳಿಗೆ ಒಂದು ವ್ಯಾಪಾರ ಸಂಸ್ಥೆಯು ಕೊಂಡಿತು. 2024ರಲ್ಲಿ ಆ ಸಂಸ್ಥೆಯೇ ಸಾಲದ ಹೊರೆಯಿಂದ ನ್ಯಾಯಾಲಯದ ರಕ್ಷಣೆಯನ್ನು ಬೇಡಬೇಕಾಯಿತು. ವಿದ್ಯೆಯ ಮನೆಯನ್ನು ಸಂತೆಯ ಏರಿಳಿತಕ್ಕೆ ಒಪ್ಪಿಸಿದರೆ ಏನಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ಮನೆಯ ಸಮೀಪದ ಅನುಭವವೂ ಇಂಥದೇ ಪಾಠವನ್ನು ಹೇಳುವುದು. 2020ನೆಯ ಮಾರ್ಚಿಯಲ್ಲಿ ಸಾಂಕ್ರಾಮಿಕದ ದೆಸೆಯಿಂದ ಕಾಲೇಜುಗಳು ಮುಚ್ಚಿ ಪಾಠಗಳೆಲ್ಲ ಮೊಬೈಲಿಗೆ ಬಂದಾಗ, ಘಟ್ಟದ ತಪ್ಪಲಿನ ಹಳ್ಳಿಗಳ ವಿದ್ಯಾರ್ಥಿಗಳು ನೆಟ್‌ವರ್ಕನ್ನು ಅರಸಿ ಗುಡ್ಡವೇರಬೇಕಾಯಿತು. ಮಳೆಗಾಲದಲ್ಲಿ ಕೊಡೆ ಹಿಡಿದು ಪಾಠ ಕೇಳಿದವರೂ ಉಂಟು. ಒಂದೇ ಮೊಬೈಲನ್ನು ಅಣ್ಣನೂ ತಂಗಿಯೂ ಹಂಚಿಕೊಳ್ಳಬೇಕಾದ ಮನೆಯಲ್ಲಿ ಪಾಠ ತಪ್ಪುತ್ತಿದ್ದುದು ಹೆಚ್ಚಾಗಿ ತಂಗಿಗೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಇಂಗ್ಲಿಷ್ ಉಪನ್ಯಾಸದ ವೇಗವು ಮತ್ತೊಂದು ಗುಡ್ಡವೇ ಸರಿ. ಎನ್‌ಪಿಟಿಇಎಲ್ ತನ್ನ ಪಾಠಗಳಲ್ಲಿ ಕೆಲವನ್ನು ಕನ್ನಡಕ್ಕೂ ತರುತ್ತಿರುವುದು ಸಂತೋಷದ ವಿಷಯವಾದರೂ ಆ ಕಾರ್ಯವು ಇನ್ನೂ ಬಹಳವಾಗಿ ಬೆಳೆಯಬೇಕಾಗಿದೆ.

ಬಡಗುತಿಟ್ಟಿನ ಯಕ್ಷಗಾನವು ಈ ಸೀಮೆಯ ಹೆಮ್ಮೆಯ ವಿದ್ಯೆ. ಅದರ ಹೆಜ್ಜೆಗಳನ್ನು ಪರದೆಯ ಮೇಲೆ ನೂರು ಸಲ ನೋಡಬಹುದು. ನೋಡಿದವನಿಗೆ ಪ್ರಯೋಜನವಾಗದೆ ಇರದು. ಆದರೆ ತಾಳ ತಪ್ಪಿದ ಕಾಲನ್ನು ಪರದೆಯು ಕಾಣದು, ಗುರುವು ಕಾಣುವನು. ಗಣಿತಕ್ಕೂ ರಸಾಯನಶಾಸ್ತ್ರಕ್ಕೂ ಈ ಮಾತು ಸಲ್ಲುವುದು.

ಆದಕಾರಣ ಭವಿಷ್ಯದಲ್ಲಿ ಯಂತ್ರವೋ ಗುರುವೋ ಎಂಬ ವಾದಕ್ಕೆ ಎಡೆಯಿಲ್ಲ. ಎರಡನ್ನೂ ಕೂಡಿಸುವ ಬಗೆಯನ್ನೇ ಯೋಚಿಸತಕ್ಕದ್ದು. ದೂರದ ಆಚಾರ್ಯನು ವಿಷಯವನ್ನು ವಿವರಿಸಲಿ. ಸ್ಥಳದ ಅಧ್ಯಾಪಕನು ವಾರಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ಸುತ್ತ ಕೂರಿಸಿಕೊಂಡು, ಕನ್ನಡದಲ್ಲಿ ಸಂಶಯಗಳನ್ನು ಬಿಡಿಸಲಿ. ಕಾಲೇಜಿನ ಗ್ರಂಥಾಲಯವೂ, ಗ್ರಾಮದ ವಾಚನಾಲಯವೂ, ಪ್ರಸಾದನಿಲಯದ ಪಡಸಾಲೆಯೂ ಸಂಜೆಯ ಹೊತ್ತು ದೀಪವನ್ನೂ ಗಣಕಯಂತ್ರವನ್ನೂ ಒದಗಿಸಲಿ. ಆದರೆ ನೂರಕ್ಕೆ 40 ಎಂಬ ಅವಕಾಶವು ಹಳ್ಳಿಯ ಕಾಲೇಜುಗಳಲ್ಲಿ ಅಧ್ಯಾಪಕರ ಹುದ್ದೆಗಳನ್ನು ಖಾಲಿ ಬಿಡುವುದಕ್ಕೆ ನೆಪವಾಗಕೂಡದು. ಹಾಗಾದರೆ ಉಳ್ಳವರ ಮಕ್ಕಳಿಗೆ ಗುರುವೂ ಇಲ್ಲದವರ ಮಕ್ಕಳಿಗೆ ಬರಿಯ ಪರದೆಯೂ ಉಳಿದು, ಅಂತರವನ್ನು ಅಳಿಸಲು ಬಂದ ಸಾಧನವೇ ಅಂತರವನ್ನು ಹೆಚ್ಚಿಸುವುದು.

ಮುಂಬಯಿಯ ರಾತ್ರಿಶಾಲೆಯಲ್ಲಿ ದಣಿದ ಹುಡುಗನನ್ನು ಎಚ್ಚರವಾಗಿಟ್ಟುದು ಪುಸ್ತಕವೊಂದೇ ಅಲ್ಲ. ತನ್ನಂತೆಯೇ ದಣಿದು ಪಕ್ಕದಲ್ಲಿ ಕುಳಿತ ಜೊತೆಗಾರನೂ, ನಾಳೆ ತಪ್ಪದೆ ಬಾರೆಂದು ಹೆಸರು ಹಿಡಿದು ಹೇಳುವ ಮಾಸ್ತರರೂ ಅವನಿಗಿದ್ದರು. ಗಂಗೊಳ್ಳಿಯ ಬಂದರಿನಲ್ಲಿ ದುಡಿಯುವ ಯುವಕನಿಗೂ, ಗೋಡಂಬಿ ಕಾರ್ಖಾನೆಯಿಂದ ಸಂಜೆ ಮನೆಗೆ ಮರಳುವ ಯುವತಿಗೂ ಆ ಭಾಗ್ಯವು ದೊರೆತರೆ ಅಂತರ್ಜಾಲದ ವಿದ್ಯೆಯು ಸಾರ್ಥಕವಾಗುವುದು. ಪಾಠವನ್ನು ಕಳುಹಿಸುವ ಭಾರವನ್ನು ಯಂತ್ರವು ಹೊತ್ತಿದೆ. ಹೆಸರು ಹಿಡಿದು ಕರೆಯುವ ಭಾರವು ಊರಿನ ಹಿರಿಯರದು. ಆ ಭಾರವನ್ನು ಹೊರುವ ಸಂಕಲ್ಪವು ಈ ಮಹೋತ್ಸವದ ಸಭೆಯಲ್ಲಿ ಮೂಡಲಿ.